ಒದ್ದೆ ಬಲೆ

ಮನೆಮನೆಗೆ ಹೋಗಿ ಮೀನಿನ ತೊಟ್ಟಿ ತೊಳೆದುಕೊಡುವುದು ಅವನ ಕಸುಬು. ಒಂದು ಬಕೆಟ್, ನೀರೆಳೆಯುವ ಪೈಪು, ಸ್ಪಂಜು, ಅಂಗೈಯಗಲದ ಬಲೆ, ಇಷ್ಟೇ ಬಂಡವಾಳ. ಜನ ತಮಾಷೆಗೆ 'ಮೀನ್ ಡಾಕ್ಟ್ರು' ಎನ್ನುತ್ತಿದ್ದರು. ಅವನೂ ಬೇಡವೆನ್ನುತ್ತಿರಲಿಲ್ಲ, ಕೇಳಿ ಕೇಳಿ ನಡಿಗೆಯಲ್ಲೇ ಸ್ವಲ್ಪ ಗತ್ತು ಬಂದಿತ್ತು.

ಒಂದು ಬೆಳಿಗ್ಗೆ ಟೈಲರ್ ಅಂಗಡಿಯಿಂದ ಫೋನ್ ಬಂತು. ಹೋಗಿ ನೋಡಿದರೆ, ಹೊಲಿಗೆ ಯಂತ್ರದ ಪಕ್ಕದ ತೊಟ್ಟಿಯಲ್ಲಿ ಮೀನುಗಳ ಮೈಮೇಲೆಲ್ಲ ಉಪ್ಪಿನ ಹರಳು ಉದುರಿಸಿದಂಥ ಬಿಳಿ ಚುಕ್ಕೆ. ನವೆ ತಾಳಲಾರದೆ ಕಲ್ಲಿಗೆ ಮೈ ಉಜ್ಜುತ್ತಿದ್ದವು. ಎರಡು ಆಗಲೇ ಸತ್ತು ತೇಲುತ್ತಿದ್ದವು.

"ಎಲ್ಲಾ ಇವಳದೇ ಘನಕಾರ್ಯ," ಎಂದು ಟೈಲರ್ ಹೆಂಡತಿಯತ್ತ ಕತ್ತರಿ ತೋರಿಸಿದ. "ಸೋಪಿನ ಕೈ ನೀರಿಗೆ ಹಾಕ್ಬೇಡ ಅಂತ ಬಡ್ಕೊಂಡೆ. ಕೇಳಿದ್ರೆ ತಾನೇ?"

ಗುಂಡಿ ಹೊಲಿಯುತ್ತಿದ್ದ ಆಕೆ ತಲೆಯೆತ್ತಿದಳು. "ಸೋಪೆಲ್ಲ ಹೋಗೋ ಹಾಗೆ ಕೈ ತೊಳ್ಕೊಂಡೇ ಊಟ ಹಾಕೋದು ಕಣ್ರೀ. ಅದರಿಂದ ಬರುತ್ತಾ ಅಣ್ಣ?"

ಬರುವುದಿಲ್ಲ, ಅದು ಅವನಿಗೆ ಗೊತ್ತು. ಇದು ಕಣ್ಣಿಗೆ ಕಾಣದ ಪರೋಪಜೀವಿ. ರೋಗದ ನೀರಿನ ಜೊತೆ ಬರುವಂಥದ್ದು. ಹಿಂದಿನ ವಾರ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ತೊಟ್ಟಿಯಲ್ಲಿ ಇದೇ ಚುಕ್ಕೆಯ ಮೀನನ್ನು ಬಲೆಯಿಂದ ಎತ್ತಿಹಾಕಿ, ಬಲೆ ಒಣಗಿಸುವಷ್ಟೂ ತಾಳ್ಮೆಯಿಲ್ಲದೆ ನೆಟ್ಟಗೆ ಇಲ್ಲಿಗೇ ಬಂದು ಅದನ್ನೇ ಅದ್ದಿದ್ದ.

"ಏನೇನೋ ಕಾರಣ ಇರುತ್ತಮ್ಮ," ಎಂದು ಗೊಣಗಿದ.

"ನೋಡಿದ್ಯಾ?" ಎಂದ ಟೈಲರ್, ತೀರ್ಪೇ ಸಿಕ್ಕಿತೆಂಬಂತೆ. ಗಿರಾಕಿಯ ಬಟ್ಟೆಯ ಮೇಲೆ ಕಣ್ಣೀರು ಬೀಳದಿರಲೆಂದು ಆಕೆ ಮುಖ ಗೋಡೆಯತ್ತ ತಿರುಗಿಸಿಕೊಂಡಳು.

ಅವನು ದಿನಾ ಬಂದ. ನೀರನ್ನು ನಿಧಾನವಾಗಿ ಬೆಚ್ಚಗೆ ಮಾಡಿದ, ಉಪ್ಪು ಕರಗಿಸಿದ, ಔಷಧಿ ಹನಿಸಿದ, ತಳದ ಕೊಳೆ ಎಳೆದು ತೆಗೆದ. ಚುಕ್ಕೆ ಹೋದಮೇಲೂ ಔಷಧಿ ನಿಲ್ಲಿಸಲಿಲ್ಲ. ಮೈಯಿಂದ ಉದುರಿದ ಹುಳ ತಳದಲ್ಲಿ ಮರಿ ಮಾಡಿಕೊಂಡು ಮತ್ತೆ ಏರುತ್ತದೆ. ಅಷ್ಟು ದಿನವೂ ಆಕೆ ಮೂಲೆಯಲ್ಲಿ ತೊಟ್ಟಿಗೆ ಬೆನ್ನು ಹಾಕಿ ಹೊಲಿಯುತ್ತಿದ್ದಳು. ಬಲೆಯ ವಿಷಯ ಅವನು ಎತ್ತಲಿಲ್ಲ.

ಉಳಿದ ಮೀನುಗಳು ಚೇತರಿಸಿಕೊಂಡವು. ಟೈಲರ್ ಮೀನಿನ ಊಟದ ಡಬ್ಬಿ ಕೈಗೆತ್ತಿಕೊಂಡು ಅವನ ಬೆನ್ನು ತಟ್ಟಿದ. "ದೇವರ ಹಾಗೆ ಬಂದ್ರಿ! ಇನ್ಮೇಲೆ ಇವಳು ತೊಟ್ಟಿ ಹತ್ರ ಸುಳಿಯೋ ಹಾಗಿಲ್ಲ. ಊಟ ನಾನೇ ಹಾಕ್ತೀನಿ."

ಆಗ ಅವನಿಗೆ ತಡೆಯಲಾಗಲಿಲ್ಲ. "ಅವರದೇನೂ ತಪ್ಪಿಲ್ಲ ಸ್ವಾಮಿ. ರೋಗ ತಂದವನು ನಾನು. ನನ್ನ ಒದ್ದೆ ಬಲೇಲಿ ಬಂತು."

ಟೈಲರ್ ಕಣ್ಣರಳಿಸಿದ, ಆಮೇಲೆ ಗಹಗಹಿಸಿ ನಕ್ಕ. "ನೀವೇ ತಂದ್ರಿ, ನೀವೇ ಓಡಿಸಿದ್ರಿ. ಹೋಗ್ಲಿ ಬಿಡಿ!"

ಆಕೆ ನಗಲಿಲ್ಲ. "ಅವತ್ತೇ ಗೊತ್ತಿತ್ತಾ?"

"ಗೊತ್ತಿತ್ತಮ್ಮ."

"ನಾನು ಅತ್ತಿದ್ದೂ ಕಾಣಿಸ್ತಾ?"

ಅವನು ನೆಲ ನೋಡಿದ. ಆಕೆ ಎದ್ದು ಬಂದು, ಗಂಡನ ಕೈಯಿಂದ ಮೀನಿನ ಊಟದ ಡಬ್ಬಿ ಕಿತ್ತುಕೊಂಡಳು. ಟೈಲರ್ ನಗು ಅಲ್ಲಿಗೇ ನಿಂತಿತು.

ಆಮೇಲೆ ಅವನು ತೊಟ್ಟಿಗೊಂದರಂತೆ ಬಲೆ ಇಟ್ಟುಕೊಂಡ. ಕ್ಲಿನಿಕ್ಕಿನಿಂದ ಹೊರಟು ಅಂದು ಹೋಗಿದ್ದ ಮನೆಗಳಿಗೆಲ್ಲ ತಾನೇ ಹೋಗಿ ವಿಷಯ ತಿಳಿಸಿದ. ಒಂದು ಮನೆಯವರು ಬಾಗಿಲಲ್ಲೇ ಬೈದು ಬೇರೆಯವನನ್ನು ಗೊತ್ತುಮಾಡಿಕೊಂಡರು. ಅದು ಅಷ್ಟೇನೂ ನೋಯಲಿಲ್ಲ. ಟೈಲರ್ ಅಂಗಡಿಗೆ ಈಗಲೂ ಹೋಗುತ್ತಾನೆ. ಆಕೆ ಟೀ ಕೊಡುತ್ತಾಳೆ, ಮಕ್ಕಳ ಯೋಗಕ್ಷೇಮ ಕೇಳುತ್ತಾಳೆ. ಅವನಿಗೆ ಮಾತ್ರ ಆಕೆಯ ಮುಖ ನೋಡಿ ಉತ್ತರ ಹೇಳುವುದು ಇನ್ನೂ ಆಗಿಲ್ಲ.