ಬಾಳಮ್ಮನ ಮಣ್ಣೆತ್ತು, ಸಾವಿತ್ರವ್ವನ ಕಲ್ಲೆತ್ತು

ಗಂಡನ ಅಣ್ಣನ ಹೆಂಡತಿ, ನೆಗೆಣ್ಣಿ ಸಾವಿತ್ರವ್ವನ ಹೊಲದ ಬಂಡೆಯ ಮೇಲೆ ಸಾವಿರಾರು ವರ್ಷದ ಹಿಂದೆ ಬಿಡಿಸಿದ ಎತ್ತುಗಳಿವೆ ಎಂಬ ಸುದ್ದಿ ಕಿವಿಗೆ ಬಿದ್ದಾಗ ಬಾಳಮ್ಮನ ಕೈತುಂಬ ಹಸಿ ಎರೆಮಣ್ಣಿತ್ತು. ತೊಂಬತ್ತೇಳನೆಯ ಇಸವಿ, ಮಣ್ಣೆತ್ತಿನ ಅಮಾವಾಸ್ಯೆಯ ಹಿಂದಿನ ದಿನ. ಮುದ್ದೇಬಿಹಾಳದ ಆಚೆಯ ಆ ಊರಿನಲ್ಲಿ ಪೂಜೆಗೆ ಎತ್ತು ಬೇಕೆಂದರೆ ಅವಳ ಕಟ್ಟೆಗೇ ಬರಬೇಕು. ಗಂಡ ತೀರಿದ ಮೇಲೆ ಉಡಿ ತುಂಬಲು ಕರೆಯದ ಊರು, ಎತ್ತಿಗೆ ಮಾತ್ರ ಅವಳ ಹೆಸರನ್ನೇ ಹೇಳುತ್ತಿತ್ತು.

“ಧಾರವಾಡದಿಂದ ಹಳೇ ಕಲ್ಲು ನೋಡೋ ಸಾಹೇಬ್ರ ಜೀಪ್ ಬಂದೈತಿ ಯಕ್ಕಾ,” ಎಂದಳು ಬಳೆ ಮಾರುವ ಖಾತುನಬಿ. “ಹಿಂದಿನ ಕಾಲದ ದನಗಾಯಿ ಮಂದಿ ಕಲ್ಲಿಲೆ ಕಲ್ಲು ಕುಟ್ಟಿ ಮಾಡ್ಯಾರಂತ. ಸಾವಿತ್ರವ್ವ ಎಲ್ಲಾರಿಗೂ ಚಹಾ ಕೊಡಾಕತ್ತಾಳ.”

“ಕೊಡ್ಲಿ. ಬಿತ್ತಾಕ ಬರಂಗಿಲ್ಲಂತ ಪಾಲಿನ್ಯಾಗ ಆ ಕಲ್ಲು ನಾವ ಬ್ಯಾಡಂದಿದ್ವಿ.”

ಮರುದಿನ ಅರ್ಧ ಊರು ಬಂಡೆಗೆ ಹೋಗಿ ಕಾಯಿ ಒಡೆಯಿತು. ಮಣ್ಣೆತ್ತುಗಳು ಕಟ್ಟೆಯ ಮೇಲೇ ಉಳಿದವು. ಸಂಜೆ ಜನ ಕರಗಿದ ಮೇಲೆ ಬಾಳಮ್ಮ ತಾನೂ ಬಂಡೆ ಹತ್ತಿದಳು. ಕಪ್ಪು ಕಲ್ಲಿನ ಮೈಮೇಲೆ ಬಿಳಿಚಿದ ಎತ್ತುಗಳು. ಹೆಗಲ ಮೇಲೆ ಎತ್ತರದ ಡುಬ್ಬ, ಬೆನ್ನಿನ ತನಕ ಬಾಗಿದ ಕೋಡು. ಕಾಲು ಕಡ್ಡಿಯಂತಿದ್ದವು, ಕಣ್ಣೇ ಇರಲಿಲ್ಲ. ಆದರೂ ಈಗಿನ್ನೂ ನೀರು ಕುಡಿದು ಹೊರಟಂತಿದ್ದವು. ಹೆಸರಿಲ್ಲದ ಆ ದನಗಾಹಿಯ ಮೇಲೆ ಅವಳಿಗೆ ಸವತಿಯ ಮೇಲೆ ಬರುವಂಥ ಹೊಟ್ಟೆಕಿಚ್ಚು ಬಂತು. ಸತ್ತು ಮಣ್ಣಾದವನಿಗೆ ನನ್ನ ಹೆಸರೇ ಬೇಕಾಗಿತ್ತೆ?

ಮುಂದಿನ ವರ್ಷ ತನ್ನ ಎತ್ತುಗಳಿಗೂ ಅಷ್ಟುದ್ದದ ಕೋಡು ಎಳೆದಳು. ಕಲ್ಲು ತಡೆದದ್ದನ್ನು ಎರೆಮಣ್ಣು ತಡೆದೀತೆ? ಕೋಡುಗಳು ಒಣಗುತ್ತಲೇ ಬಿರಿದು, ಒಯ್ಯಲು ಬಂದವರ ಕೈಯಲ್ಲೇ ಪಟಪಟ ಉದುರಿದವು. ಊನವಾದ ಎತ್ತು ದೇವರ ಜಗಲಿ ಏರುವುದಿಲ್ಲ.

“ಕೋಡಿಲ್ಲದ್ದಕ್ಕ ಕತ್ತೆಮರಿ ಅಂತಾರ, ಬಾಳವ್ವ,” ಎಂದು ಒಬ್ಬಳು ನಕ್ಕಳು.

ಬಾಳಮ್ಮ ಮಣ್ಣು ಮುಟ್ಟುವುದನ್ನೇ ಬಿಟ್ಟಳು. ಸಾವಿತ್ರವ್ವನ ಹೊಸ್ತಿಲನ್ನೂ ತುಳಿಯಲಿಲ್ಲ.

ವರ್ಷಗಳು ಉರುಳಿ ಸಾವಿತ್ರವ್ವ ಹಾಸಿಗೆ ಹಿಡಿದಳು, ಹೇಳಿ ಕಳಿಸಿದಳು. ಬಾಳಮ್ಮ ಹೋಗಿ, ಮೈ ಹೇಗಿದೆ ಎಂದು ಕೇಳುವ ಮೊದಲು, “ನಿನ್ನ ಕಲ್ಲಿಗೆ ಮಂದಿ ಇನ್ನೂ ಬರ್ತಾರೇನಕ್ಕಾ?” ಎಂದಳು.

“ಬರ್ತಾರ. ಕಲ್ಲು ನನ್ನ ಕಡೆ ಬರಂಗಿಲ್ಲಲ್ಲ. ನನಗ ಅಲ್ಲೀತನಕ ನಡ್ಯಾಕ ಆಗಂಗಿಲ್ಲ.” ಸಾವಿತ್ರವ್ವ ಬರಿದಾದ ಜಗಲಿಯತ್ತ ಕಣ್ಣು ಹೊರಳಿಸಿದಳು. “ಈ ಅಮಾಸಿಗಿ ನನಗೊಂದು ಜೋಡಿ ಮಾಡಿ ಕೊಡವ್ವ. ಮುಂದ ಮೇವು ಹಾಕಾಕ ಗ್ವಾದಲಿನೂ ಮಾಡು. ಇಲ್ಲಂದ್ರ ಉಪವಾಸ ನಿಲ್ತಾವ.”