ಕೊನೆಗೆ ಬಂದವರಿಗೆ ಚಪ್ಪಾಳೆ

ಮಂಡಿಪೇಟೆಯ ಸೋಪು-ಬಿಸ್ಕತ್ತಿನ ಏಜೆನ್ಸಿಯೊಂದರಲ್ಲಿ ನಾನು ಸೇಲ್ಸ್ ಮ್ಯಾನೇಜರ್ ಆಗಿದ್ದೆ. ಕೈಕೆಳಗೆ ಏಳು ಜನ. ಕಂಪನಿಯವರು ನನ್ನಂಥವರನ್ನು ಎರಡು ದಿನ ಹೋಟೆಲೊಂದರಲ್ಲಿ ಕೂಡಿಸಿ, ತಂಡ ಕಟ್ಟುವುದು ಹೇಗೆಂದು ಪಾಠ ಹೇಳಿ ಕಳಿಸಿದ್ದರು. ಮುಚ್ಚುಮರೆ ಇರಬಾರದು, ತಪ್ಪನ್ನು ಎಲ್ಲರೆದುರು ಒಪ್ಪಿಕೊಳ್ಳಬೇಕು, ಒಪ್ಪಿಕೊಂಡವನನ್ನು ಉಳಿದವರು ಮೆಚ್ಚಬೇಕು. ಅಲ್ಲಿನ ಊಟದ ಜೊತೆ ಇದನ್ನೂ ಗಡದ್ದಾಗಿ ಬಾರಿಸಿ ಬಂದೆ.

ಬಂದವನೇ ಒಂದು ಪದ್ಧತಿ ಹಾಕಿದೆ. ಶನಿವಾರ ಸಂಜೆ ಬೋರ್ಡಿನ ಮೇಲೆ ಆ ವಾರದ ಮಾರಾಟದಲ್ಲಿ ಯಾರು ಎಷ್ಟನೆಯವರು ಎಂದು ಬರೆಯುವುದು. ಎಲ್ಲರಿಗಿಂತ ಕೆಳಗಿದ್ದವರು ಎದ್ದು ನಿಂತು ತಮ್ಮ ತಪ್ಪು ಹೇಳಬೇಕು. ಹೇಳಿ ಮುಗಿದ ಮೇಲೆ ಉಳಿದವರು ಚಪ್ಪಾಳೆ ತಟ್ಟಬೇಕು. ಆಮೇಲೆ ಮಂಡಕ್ಕಿ, ಮೆಣಸಿನಕಾಯಿ. ಮಂಡಕ್ಕಿ ತರಿಸಿದ್ದರಿಂದಲೋ ಏನೋ, ಯಾರೂ ತಕರಾರು ಮಾಡಲಿಲ್ಲ.

ಹರಿಹರದ ಲೈನು ನೋಡುತ್ತಿದ್ದವರು ನಮ್ಮಲ್ಲಿ ಎಲ್ಲರಿಗಿಂತ ಹಿರಿಯರು. ಅಲ್ಲಿನ ಅಂಗಡಿಯವರು ಅವರ ಮುಖ ನೋಡಿಯೇ ಆರ್ಡರ್ ಕೊಡುತ್ತಿದ್ದರು. ಅದು ನನ್ನ ಕಣ್ಣು ಕುಕ್ಕುತ್ತಿತ್ತು. ತಂಡ ಒಬ್ಬರ ಮೇಲೆ ನಿಲ್ಲಬಾರದು ಎಂಬ ಪಾಠ ನೆಪಕ್ಕೆ ಸಿಕ್ಕಿತು. ಅವರ ದೊಡ್ಡ ಅಂಗಡಿಗಳನ್ನೆಲ್ಲ ಬೇರೆಯವರಿಗೆ ಹಂಚಿ, ಅವರಿಗೆ ಊರಾಚೆಯ ಚಿಲ್ಲರೆ ಅಂಗಡಿಗಳನ್ನು ಬಿಟ್ಟೆ. ಒಂದರ ಹಿಂದೊಂದು ಆರು ಶನಿವಾರ ಅವರೇ ಎದ್ದು ನಿಂತರು. ನನಗೆ ಒಳಗೊಳಗೇ ಹಿತವಾಗಿತ್ತು, ಸುಳ್ಳು ಯಾಕೆ ಹೇಳಲಿ.

ಆರನೆಯ ಶನಿವಾರ, "ನನ್ ಕಾಲು ಮೊದ್ಲಿನಂಗೆ ಓಡಾಡಲ್ರಿ. ನನ್ನಿಂದ ಎಲ್ರೂ ಹಿಂದ್ ಬೀಳಂಗಾಗೈತೆ," ಅಂದರು. ಚಪ್ಪಾಳೆ ಬಿತ್ತು. ಬಾಗಿಲಲ್ಲಿ ನಿಂತೂ ಯಾರೋ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದರು. ತಿರುಗಿ ನೋಡಿದರೆ ಅವರ ಮಗಳು, ಕಾಲೇಜಿಗೆ ಹೋಗುವ ಹುಡುಗಿ. ನಿಟ್ಟುವಳ್ಳಿಯ ಮನೆಯ ಬೀಗದ ಕೈ ಅಪ್ಪನ ಜೇಬಿನಲ್ಲೇ ಉಳಿದಿತ್ತೆಂದು ಬಂದಿದ್ದಳು. ಬೀದಿಯ ಆಟೋಗಳ ಗದ್ದಲದಲ್ಲಿ ಅಪ್ಪನ ಮಾತು ಅವಳಿಗೆ ಕೇಳಿರಲಿಲ್ಲ, ಚಪ್ಪಾಳೆ ಮಾತ್ರ ಕೇಳಿತ್ತು.

"ಶನಿವಾರ ಶನಿವಾರ ನಂಗೆ ಚಪ್ಪಾಳೆ ಹೊಡಿತಾರೆ ಅಂತ ಅಪ್ಪ ಹೇಳ್ತಿದ್ರು ಸರ್. ನಾವು ಬುರುಡೆ ಅನ್ಕಂಡಿದ್ವಿ," ಎಂದು ನಕ್ಕಳು. "ಇವತ್ತು ಯಾತಕ್ಕೆ ಸರ್?"

ಅವರು ನನ್ನ ಮುಖವನ್ನೇ ನೋಡಿದರು. ಕಣ್ಣಲ್ಲೇ ಬೇಡಿಕೊಂಡರು. 'ಒಳ್ಳೆ ಕೆಲಸಕ್ಕಮ್ಮ' ಅಂದುಬಿಟ್ಟಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಆದರೆ ಮುಚ್ಚುಮರೆ ಇಲ್ಲದ ಮ್ಯಾನೇಜರ್ ಅನ್ನಿಸಿಕೊಳ್ಳುವ ಚಪಲ ನನಗೆ. ಉಳಿದ ಆರು ಜನ ಬೇರೆ ನನ್ನ ಬಾಯಿ ನೋಡುತ್ತಿದ್ದರು.

"ಕೊನೆಗೆ ಬಂದಿದ್ದಕ್ಕಮ್ಮ," ಎಂದೆ. "ಆರು ವಾರದಿಂದ ಇವರೇ ಕೊನೆ. ಅದನ್ನ ಒಪ್ಪಿಕೊಂಡಿದ್ದಕ್ಕೆ ಚಪ್ಪಾಳೆ."

ಹುಡುಗಿ ಕೈ ಕೆಳಗಿಳಿಸಿದಳು. ಅಪ್ಪನ ಮುಖ ನೋಡದೆ ಬೀಗದ ಕೈ ತೆಗೆದುಕೊಂಡು ಹೋದಳು. ಮಂಡಕ್ಕಿ ಬಂತು. ಎಲ್ಲರೂ ತಿಂದೆವು, ಅವರೂ ತಿಂದರು.

ಸೋಮವಾರದಿಂದ ಅವರು ಬೆಳಿಗ್ಗೆ ಆರಕ್ಕೆಲ್ಲ ಹರಿಹರದ ಬಸ್ಸು ಹತ್ತತೊಡಗಿದರು. ಮಧ್ಯಾಹ್ನ ಊಟಕ್ಕೂ ಕೂರುತ್ತಿರಲಿಲ್ಲವಂತೆ. ತಿಂಗಳೊಪ್ಪತ್ತಿನಲ್ಲಿ ಅದೇ ಚಿಲ್ಲರೆ ಅಂಗಡಿಗಳನ್ನು ಹಿಡಿದು ಬೋರ್ಡಿನಲ್ಲಿ ಎಲ್ಲರಿಗಿಂತ ಮೇಲೆ ಬಂದರು. ನನ್ನ ಪಾಠ ಫಲ ಕೊಟ್ಟಿತೆಂದು ಬೀಗಿದೆ. ಎಲ್ಲರಿಂದ ಚಪ್ಪಾಳೆ ಹೊಡೆಸಿ, "ಇವತ್ತು ಮನೇಲಿ ಎದೆ ಉಬ್ಬಿಸಿ ಹೇಳ್ರಿ," ಎಂದೆ.

"ಹೇಳಲ್ರಿ ಸಾರ್," ಅಂದರು, ಬ್ಯಾಗು ಹೆಗಲಿಗೇರಿಸುತ್ತ. "ಆಫೀಸಿನ ಸುದ್ದಿ ತೆಗೆದ್ರೆ ಸಾಕು, ಮಗಳು ಎದ್ದು ಒಳಗೆ ಹೋಗ್ತಾಳೆ."