ಡಬ್ಬಿಯಲ್ಲಿ ಬಿದ್ದ ಒಂಬತ್ತು ಖಾಲಿ ಚೀಟಿ

ಕೋವಿಡ್ ಗಲಾಟೆ ಮುಗಿದು ಶಾಲೆಗಳು ಪೂರ್ತಿ ತೆರೆದ ವರ್ಷ ಅದು. ನಾನಾಗ ಭಟ್ಕಳ ತಾಲೂಕಿನಲ್ಲಿ ಅಂಗನವಾಡಿ ಮೇಲ್ವಿಚಾರಕಿ. ಸುಪರ್‌ವೈಸರ್ ಎಂದರೆ ಊರೂರಿನ ಅಂಗನವಾಡಿ ಕಾರ್ಯಕರ್ತೆಯರಿಗೂ ತಾಲೂಕು ಕಚೇರಿಗೂ ನಡುವೆ ಓಡಾಡುತ್ತ, ಎರಡೂ ಕಡೆ ಬೈಸಿಕೊಳ್ಳುವ ಹುದ್ದೆ. ಮನೆ ಕುಮಟಾದಲ್ಲಿ. ದಿನಾ ಬೆಳಿಗ್ಗೆ ಬಸ್ಸು ಹತ್ತಿ, ಹೊನ್ನಾವರದ ಸೇತುವೆ ದಾಟಿ, ಭಟ್ಕಳ ಮುಟ್ಟುವಷ್ಟರಲ್ಲಿ ಆ ದಿನದ ಕೆಲಸವನ್ನೆಲ್ಲ ತಲೆಯಲ್ಲೇ ಎರಡು ಸಲ ಮಾಡಿ ಮುಗಿಸಿರುತ್ತಿದ್ದೆ. ಕೂತಲ್ಲಿ ಕೂರುವ ಜಾಯಮಾನ ನನ್ನದಲ್ಲ. ಸಿಟ್ಟಂತೂ ಮೂಗಿನ ತುದಿಯಲ್ಲೇ. ನಿವೃತ್ತಿಗೆ ಇನ್ನೆರಡು ವರ್ಷ ಇತ್ತು.

ಆ ಬೇಸಿಗೆ ರಜೆಯಲ್ಲಿ ತೆಂಗಿನಗುಂಡಿ ಕಡೆಯ ಒಂದು ಮೀನುಗಾರರ ಕೇರಿಯಲ್ಲಿ ಕಿಶೋರಿಯರ ಗುಂಪು ಶುರು ಮಾಡಿದೆವು. ಹದಿನಾಲ್ಕು ದಾಟಿದ ಹೆಣ್ಣುಮಕ್ಕಳನ್ನು ಶನಿವಾರ ಮಧ್ಯಾಹ್ನ ಅಂಗನವಾಡಿಯಲ್ಲಿ ಕೂರಿಸಿ ರಕ್ತಹೀನತೆ, ಮುಟ್ಟು, ಕಾನೂನು, ಮುಂದಿನ ಓದು ಎಲ್ಲ ಮಾತಾಡುವುದು. ಕಾಗದದಲ್ಲಿ ಇದರ ಉದ್ದೇಶ ‘ಆತ್ಮವಿಶ್ವಾಸ ವೃದ್ಧಿ’. ಹೆಸರು ಕೊಟ್ಟವರು ಹದಿನೇಳು ಜನ. ಮೊದಲ ಎರಡು ವಾರ ಆ ಹದಿನೇಳು ಬಾಯಿಂದ ಹದಿನೇಳು ಮಾತು ಹೊರಟಿರಲಿಕ್ಕಿಲ್ಲ. ಬರೇ ಕಿಸಿಕಿಸಿ ನಗು.

ಮೂರನೇ ವಾರ ನನಗೊಂದು ಉಪಾಯ ಹೊಳೆಯಿತು. ಖಾಲಿ ಬಿಸ್ಕೀಟು ಡಬ್ಬಿಯ ಮುಚ್ಚಳಕ್ಕೆ ಸೀಳು ಮಾಡಿಸಿ ನಡುವೆ ಇಟ್ಟೆ. ಮನಸ್ಸಿನಲ್ಲಿ ಇದ್ದದ್ದನ್ನು ಬರೆದು ಹಾಕಿ, ಹೆಸರು ಬೇಡ, ಈ ಕೋಣೆಯ ಮಾತು ಹೊಸಿಲು ದಾಟುವುದಿಲ್ಲ ಎಂದು ಎದೆ ತಟ್ಟಿ ಹೇಳಿದೆ. ಅಬ್ಬಾ, ಆ ದಿನ ಡಬ್ಬಿ ತುಂಬಿತು! ಒಬ್ಬಳಿಗೆ ತಾನು ಕಪ್ಪು ಎಂಬ ಬೇಸರ, ಇನ್ನೊಬ್ಬಳಿಗೆ ಇಂಗ್ಲಿಷಿನ ಹೆದರಿಕೆ. ನಾಲ್ಕೈದು ಸಾಲಿನ ಒಂದು ಚೀಟಿ ಮಾತ್ರ ನನ್ನನ್ನು ಹಿಡಿದುಕೊಂಡಿತು. ‘ನನಗೆ ಫಸ್ಟ್ ಕ್ಲಾಸ್ ಬಂದಿದೆ. ಸೈನ್ಸ್ ಓದಬೇಕು. ತಂಗಿಗೆ ಒಂದೂವರೆ ವರ್ಷ. ಅಮ್ಮ ಮೀನು ಮಾರಲು ಹೋದಾಗ ನೋಡಿಕೊಳ್ಳಲು ಜನ ಇಲ್ಲ. ಅದಕ್ಕೆ ನಾನು ಕಾಲೇಜಿಗೆ ಹೋಗುವುದು ಬೇಡವಂತೆ.’

ಬಸ್ಸಿನಲ್ಲಿ ವಾಪಸು ಬರುವಾಗ ಚಡಪಡಿಕೆ. ಕಾಲೇಜಿನ ಅರ್ಜಿ ಆಗಲೇ ಕೊಡುತ್ತಿದ್ದರು. ಇವಳು ಯಾರು? ಸೋಮವಾರ ಕಾರ್ಯಕರ್ತೆ ಮಂಗಲಾ ಬಾಗಿಲು ತೆರೆಯುವ ಮೊದಲೇ ಅಂಗನವಾಡಿಯ ಮುಂದೆ ನಿಂತಿದ್ದೆ. ನಮ್ಮಲ್ಲಿ ಪ್ರತಿ ತಿಂಗಳು ಮಕ್ಕಳ ತೂಕ ಬರೆದಿಡುವ ದಪ್ಪ ರಿಜಿಸ್ಟರ್ ಇರುತ್ತದೆ. ಮಗುವಿನ ವಯಸ್ಸು, ಮನೆ, ತಾಯಿಯ ಹೆಸರು ಎಲ್ಲ ಅದರಲ್ಲಿ ಸಿಗುತ್ತದೆ. ಒಂದೂವರೆ ವರ್ಷದ ಹೆಣ್ಣುಮಗು, ಅದರ ಅಕ್ಕ ಹತ್ತನೇ ಕ್ಲಾಸು ಮುಗಿಸಿದವಳು. ಕೇರಿಯಲ್ಲಿ ಅಂಥದ್ದು ಒಂದೇ ಮನೆ. ನಾಗಶ್ರೀ. ಹುಡುಕಲಿಕ್ಕೆ ಐದು ನಿಮಿಷ ಹಿಡಿಯಲಿಲ್ಲ. ಎಂಥಾ ಚುರುಕು ನನ್ನದು ಎಂದು ಆಗ ಹೆಮ್ಮೆಯೇ ಆಯಿತು, ನೋಡಿ.

ನೇರ ಅವಳ ಮನೆಗೆ ಹೋದೆ. ತಾಯಿ ಮಾದೇವಿ ಆಗಷ್ಟೇ ಪೇಟೆಯಿಂದ ಬಂದು ಬುಟ್ಟಿ ತೊಳೆಯುತ್ತಿದ್ದಳು. ಪಕ್ಕದ ಮನೆಯ ಹೆಂಗಸೂ ಜಗುಲಿಯಲ್ಲಿ ಕೂತಿದ್ದಳು. ಅದನ್ನೂ ಲೆಕ್ಕಿಸದೆ, ಮಗಳನ್ನು ಕಾಲೇಜಿಗೆ ಕಳಿಸದೆ ಇರುವುದು ಸರಿಯಾ ಎಂದು ಶುರು ಹಚ್ಚಿದೆ.

“ಇದೆಲ್ಲ ನಿಮ್ಗೆ ಯಾರ್ ಹೇಳ್ದದ್ದು, ಅಕ್ಕೋರೆ?” ಮಾದೇವಿ ಬುಟ್ಟಿ ಕೆಳಗಿಟ್ಟಳು. ನಮ್ಮ ಕಡೆ ಟೀಚರನ್ನು ಅಕ್ಕೋರು ಎನ್ನುತ್ತಾರೆ. ನನಗೂ ಅದೇ ಹೆಸರು.

“ನಿಮ್ಮ ಮಗಳೇ ಬರೆದಿದ್ದಾಳೆ.”

ಬಾಯಿಂದ ಹೊರಬಿದ್ದ ಮೇಲೆ ಗೊತ್ತಾಯಿತು, ಹೇಳಬಾರದಿತ್ತು ಎಂದು. ಬಾಗಿಲಲ್ಲಿ ನಾಗಶ್ರೀ ತಂಗಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂತಿದ್ದಳು. ನನ್ನನ್ನು ಒಂದು ಸಲ ನೋಡಿ ಒಳಗೆ ಹೋದಳು. “ಮನೆ ಮಾತ ಊರಿಗೆ ಹಂಚೂಕೆ ಹೋಗಿದ್ಯಾ ನೀನು? ಇನ್ನು ಆ ಮೀಟಿಂಗೂ ಬೇಡ, ಕಾಲೇಜೂ ಬೇಡ!” ತಾಯಿಯ ದನಿ ನನ್ನ ಬೆನ್ನ ಹಿಂದೆ ರಸ್ತೆಯವರೆಗೂ ಬಂತು.

ಮುಂದಿನ ಶನಿವಾರ ಬಂದವರು ಒಂಬತ್ತೇ ಜನ. ಡಬ್ಬಿ ತೆರೆದರೆ ಒಂಬತ್ತು ಚೀಟಿ, ನೀಟಾಗಿ ಮಡಚಿದ್ದು. ಒಂದೊಂದೇ ಬಿಡಿಸಿದೆ. ಎಲ್ಲ ಖಾಲಿ. ನನಗೆ ಮೊದಲು ಬಂದದ್ದು ಸಿಟ್ಟೇ.

“ಎಂತ ತಮಾಷೆ ಇದು?” ಎಂದು ಗದರಿದೆ.

ಎಲ್ಲರಿಗಿಂತ ಚಿಕ್ಕವಳೊಬ್ಬಳು ತಲೆ ಎತ್ತದೆ ಹೇಳಿದಳು: “ಬರದ್ರೆ ನೀವು ಮನೆಗೆ ಬತ್ರಿ, ಅಕ್ಕೋರೆ.”

ನನಗೆ ನಾಚಿಕೆಯಾಯಿತು. ಅಷ್ಟು ವರ್ಷದ ನೌಕರಿಯಲ್ಲಿ ಮೇಲಿನವರು ಎಷ್ಟೋ ಸಲ ಬೈದಿದ್ದರು, ಒಂದೂ ಹೀಗೆ ತಾಗಿರಲಿಲ್ಲ.

ಆಮೇಲಿನ ಒಂದು ವಾರ ನನ್ನ ಕಾಲು ನಿಂತಲ್ಲಿ ನಿಲ್ಲಲಿಲ್ಲ. ಶಾಲೆಯ ಹೆಡ್‌ಮಾಸ್ತರರಿಗೆ ಫೋನು ಮಾಡಲೆಂದು ನಂಬರು ಒತ್ತುವುದು, ಕಟ್ ಮಾಡುವುದು. ಕಚೇರಿಯಿಂದ ದೊಡ್ಡ ಅಧಿಕಾರಿಯನ್ನೇ ಆ ಮನೆಗೆ ಕರೆದೊಯ್ಯಲಾ? ಒಂದು ದಿನ ಬಸ್ಸು ಹೊನ್ನಾವರದಲ್ಲಿ ನಿಂತಾಗ ಇಳಿದೇ ಬಿಟ್ಟೆ. ಯಾಕೆ ಇಳಿದೆ ಎಂದು ಗೊತ್ತಾಗದೆ ಮುಂದಿನ ಬಸ್ಸು ಹತ್ತಿದೆ. ಮಂಗಲಾ ಎಂದೂ ನನಗೆ ಎದುರಾಡಿದವಳಲ್ಲ. ಅವಳೇ ಕೊನೆಗೆ, “ಮತ್ತೆ ಆ ಮನೆಗೆ ಓಡ್ಬೇಡಿ ಮೇಡಂ. ಎಂತ ಮಾಡ್ಬೇಕು ಅಂತ ಮೊದ್ಲು ಅವ್ಳ ಕೇಳಿ” ಎಂದಳು.

ಚಿಕ್ಕ ಮಕ್ಕಳಿಗೆ ಅಂಗನವಾಡಿಯಿಂದ ಮನೆಗೇ ಆಹಾರದ ಪೊಟ್ಟಣ ಕೊಡುತ್ತೇವೆ. ತಂಗಿಯ ಪೊಟ್ಟಣ ಒಯ್ಯಲು ನಾಗಶ್ರೀ ಬಂದ ದಿನ ನಾನು ಕಾದು ಕೂತಿದ್ದೆ.

“ತಪ್ಪಾಯ್ತು ಮಗಾ” ಎಂದೆ.

ಅವಳು ಪೊಟ್ಟಣವನ್ನು ಕಂಕುಳಿಗೆ ಸೇರಿಸಿದಳು. ಆಮೇಲೆ ಒಂದೇ ಉಸಿರಿಗೆ ಹೇಳಿದಳು: “ನೀವು ಎಂತದಾರೂ ಮಾಡಿ ಅಂತ ನಾ ಬರ್ದದ್ದಲ್ಲ, ಅಕ್ಕೋರೆ. ಮಳೆಗಾಲಕ್ಕೆ ಬೋಟು ನಿಂತ ಮೇಲೆ ಅಪ್ಪ ಮನೆಗೆ ಬರ್ತಾ. ಆಗ ನಾನೇ ಕೇಳ್ವ ಅಂದ್ಕಂಡಿದ್ದೆ. ಹೆಂಗೆ ಹೇಳೂದು ಅಂತ ಮೊದ್ಲು ಬರ್ದು ನೋಡ್ದೆ. ಈಗ ನಾ ಎಂತ ಹೇಳ್ರೂ ಅಕ್ಕೋರು ಹೇಳ್ಕೊಟ್ಟದ್ದು ಅಂತ್ರು.”

ಆ ಹುಡುಗಿಗೆ ಧೈರ್ಯ ಕಲಿಸಲಿಕ್ಕೆ ಸರಕಾರದ ಸಂಬಳ ತೆಗೆದುಕೊಳ್ಳುತ್ತಿದ್ದವಳು ನಾನು. ಅವಳು ತಾನಾಗಿ ಕೂಡಿಸಿಕೊಂಡಿದ್ದ ಮಾತನ್ನು ಕಸಿದುಕೊಂಡು ಹೋಗಿ ಜಗುಲಿಯಲ್ಲಿ ಚೆಲ್ಲಿ ಬಂದಿದ್ದೆ.

“ಈಗ ನಾನೆಂತ ಮಾಡ್ಲಿ?” ಎಂದು ಕೇಳಿದೆ.

“ನಾ ಹೆಸರು ಬರೀಲಿಲ್ಲ ಅಂತ ಅಮ್ಮಂಗೆ ಹೇಳಿ. ಎಲ್ಲರ ಎದ್ರಿಗೂ ಹೇಳಿ. ಮತ್ತೆಂತದೂ ಮಾಡ್ಬೇಡಿ.”

ಹಾಗೇ ಮಾಡಿದೆ. ಮಾದೇವಿಯ ಅಂಗಳದಲ್ಲಿ ನಿಂತು, ಹುಡುಗಿ ಹೆಸರು ಬರೆದಿರಲಿಲ್ಲ, ತೂಕದ ರಿಜಿಸ್ಟರ್ ನೋಡಿ ಪತ್ತೆ ಹಚ್ಚಿದವಳು ನಾನು, ಮನೆ ಮಾತು ಹೊರಗೆ ಹಾಕಿದವಳೂ ನಾನೇ ಎಂದೆ. ಅವಳು “ಆತು” ಎಂದಳು, ಅಷ್ಟೇ. ಶನಿವಾರ ಹುಡುಗಿಯರ ಎದುರೂ ಅದನ್ನೇ ಹೇಳಿದೆ. ಡಬ್ಬಿಯನ್ನು ಎತ್ತಿಸಿಬಿಟ್ಟೆ. ಅದನ್ನು ಮತ್ತೆ ಇಡುವ ಮುಖ ನನಗಿರಲಿಲ್ಲ.

ಜೂನ್ ಬಂತು, ಬೋಟುಗಳು ದಡ ಸೇರಿದವು. ನಾಗಶ್ರೀಯ ಅಪ್ಪ ಜಟ್ಟಪ್ಪ ಮನೆಗೆ ಬಂದನೆಂದು ಮಂಗಲಾ ತಿಳಿಸಿದಳು. ನಾನು ಮನೆಗೆ ಬಂದು ಹೋದ ಸುದ್ದಿ ಕೇಳಿ ಅವನು ಸಿಡಿಮಿಡಿಗುಟ್ಟುತ್ತಿದ್ದನಂತೆ. ಮಗಳು ಕೇಳಿದಳೋ ಇಲ್ಲವೋ ಗೊತ್ತಿಲ್ಲ. ನಾನು ವಿಚಾರಿಸುವಂತಿಲ್ಲ. ಅರ್ಜಿಯ ದಿನಗಳು ಒಂದೊಂದೇ ಮುಗಿಯುತ್ತಿದ್ದವು. ಸುಮ್ಮನೆ ಕೂರುವುದು ಇಷ್ಟು ಕಷ್ಟದ ಕೆಲಸ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಕಚೇರಿಯಲ್ಲಿ ಕಡತ ತೆರೆಯುವುದು, ಮುಚ್ಚುವುದು, ಚಹಾಕ್ಕೆ ಏಳುವುದು. ಹಾಗೆ ಹದಿನೈದು ದಿನ ಕಳೆಯಿತು.

ಕೊನೆಗೆ ಮಂಗಲಾಳ ಫೋನು ಬಂತು. ನಾಗಶ್ರೀ ಅಪ್ಪನ ಹತ್ತಿರ ಕೇಳಿದಳಂತೆ. ಮೊದಲ ಸಲ ಬೈದನಂತೆ, ಎರಡನೇ ಸಲ ಎದ್ದು ಹೋದನಂತೆ. ಮೂರನೇ ಸಲ ಕೂತು ಕೇಳಿದನಂತೆ. ತಂಗಿಯನ್ನು ಹಗಲು ದೊಡ್ಡಮ್ಮನ ಮನೆಯಲ್ಲಿ ಬಿಡುವುದೆಂದಾಯಿತು. ಆದರೆ ಅವಳು ಕಾಲೇಜಿಗೆ ಹೋಗುವಷ್ಟರಲ್ಲಿ ಸೈನ್ಸ್ ಸೀಟು ಭರ್ತಿಯಾಗಿತ್ತು. ಕಾಮರ್ಸ್ ಸಿಕ್ಕಿತು. ನಾನು ಆ ಮನೆಗೆ ಓಡದಿದ್ದರೆ ಮೊದಲ ಸಲಕ್ಕೇ ಒಪ್ಪುತ್ತಿದ್ದನೋ ಏನೋ. ಆ ಹದಿನೈದು ದಿನ ನನ್ನಿಂದ ಹೋದದ್ದು ಎಂದೇ ಇವತ್ತಿಗೂ ನನ್ನ ನಂಬಿಕೆ.

ಮಳೆ ಕಮ್ಮಿಯಾದ ಮೇಲೆ ಭಟ್ಕಳದ ಬಸ್ ಸ್ಟ್ಯಾಂಡಿನಲ್ಲಿ ಅವಳು ಸಿಕ್ಕಳು. ಯೂನಿಫಾರ್ಮು, ಬೆನ್ನಿಗೆ ಚೀಲ, ಜೊತೆಗೆ ಇಬ್ಬರು ಗೆಳತಿಯರು. ನನ್ನನ್ನು ನೋಡಿ ತಾನಾಗಿಯೇ ಬಂದು ಮಾತಾಡಿಸಿದಳು. ನನ್ನ ನಾಲಿಗೆ ಸುಮ್ಮನಿರುತ್ತದೆಯೇ?

“ಅಪ್ಪನ ಹತ್ರ ಎಂತ ಹೇಳಿದ್ಯೇ ಮಾರಾಯ್ತಿ?” ಎಂದು ಕೇಳಿಯೇ ಬಿಟ್ಟೆ.

ಅವಳು ನಕ್ಕಳು. “ಅದ ನಿಮ್ಗೆ ಹೇಳೂದಿಲ್ಲ, ಅಕ್ಕೋರೆ” ಎಂದು ಬಸ್ಸು ಹತ್ತಿದಳು.

ಆ ಮಾತು ಏನೆಂದು ನನಗೆ ಈಗಲೂ ಗೊತ್ತಿಲ್ಲ. ನನಗೆ ಗೊತ್ತಾಗಬೇಕಾದ ಅಗತ್ಯವೂ ಇಲ್ಲ ಎಂಬುದನ್ನು ಕಲಿಯಲಿಕ್ಕೆ ಇಡೀ ನೌಕರಿ ಬೇಕಾಯಿತು.